ಗಡ್ಡದ ಬಲೆ

“ಬಿಚ್ಚೇ ಮುದುಕಿ ಅದನ್ನ! ನಿನ್ನ ಮೂತಿ ನೋಡೋಕೆ ಇಲ್ಲಿ ಯಾರೂ ಕಾಯ್ಕೊಂಡು ನಿಂತಿಲ್ಲ. ಆದ್ರೂ ಬಿಚ್ಚು.”

ಸೂಪರ್‌ವೈಸರ್ ವೆನಾನ್ಸಿಯೊ ದೋನ್ಯಾ ಕಂದೆಲಾಳ ಬೆನ್ನ ಹಿಂದೆ ನಿಂತು ಕಿರುಚುತ್ತಿದ್ದ. ಕಿರುಚದಿದ್ದರೆ ಅಲ್ಲಿ ಏನೂ ಕೇಳಿಸುವುದಿಲ್ಲ. ಕೊಂಡಿಗೆ ನೇತುಬಿದ್ದ ಕೋಳಿಗಳು ನಮ್ಮ ಮುಂದೆ ಸಾಗುತ್ತಲೇ ಇದ್ದವು. ಬಲಗಡೆಯ ರೆಕ್ಕೆಯ ಸಂದು ಕೊಯ್ಯುವುದು ನನ್ನ ಕೆಲಸ, ಎಡಗಡೆಯದು ಅವಳದು. ಏಳು ವರ್ಷದಿಂದ ಮೊಣಕೈಗೆ ಮೊಣಕೈ ತಾಗಿಸಿಕೊಂಡು ನಿಂತವರು ನಾವು. ಅವಳು ಚಾಕು ನಿಲ್ಲಿಸಲಿಲ್ಲ.

“ಕಿವುಡೀನಾ? ದೇಶ ಆಳೋನೇ ಕ್ಯಾಮೆರಾ ಮುಂದೆ ಬಿಚ್ಚಿ ಬಿಸಾಕವ್ನೆ. ಅವನಿಗಿಲ್ದ ಜೀವಭಯ ನಿನಗ್ಯಾಕೆ? ಎದೆಯೊಳಗೇನು ಚಿನ್ನ ಇಟ್ಕೊಂಡಿದೀಯಾ?”

“ಬಿಸಾಕ್ಲಿಲ್ಲ ಸ್ವಾಮಿ,” ಎಂದು ಅವಳೂ ಕಿರುಚಿಯೇ ಹೇಳಿದಳು, ತಿರುಗದೆ. “ನಾನೂ ನೋಡ್ದೆ ಟಿವೀಲಿ. ಮಡಚಿ ಜೇಬಲ್ಲಿಟ್ಕೊಂಡ.”

ಎದುರು ಸಾಲಿನ ರುಫಿನಾ ಫಕ್ಕನೆ ನಕ್ಕಳು. ಆ ನಗುವೇ ಕೆಡಿಸಿತು. ವೆನಾನ್ಸಿಯೊ ಹಿಂದಿನಿಂದ ಕೈಹಾಕಿ ಮಾಸ್ಕನ್ನು ಕಿತ್ತ. ದಾರ ಹರಿದು ಅವಳ ಕಿವಿಯ ಹಿಂದೆ ಕೆಂಪು ಗೆರೆ ಮೂಡಿತು. ನೆಲಕ್ಕೆ ಬಿದ್ದ ಮಾಂಸವನ್ನು ಯಾರೂ ತಿನ್ನದಿರಲೆಂದು ನೇರಳೆ ಬಣ್ಣ ಸುರಿದಿಡುವ ಪೀಪಾಯಿಯೊಳಕ್ಕೆ ಅದನ್ನು ಎಸೆದ. ನೀಲಿ ಹೂವಿನ ದಿಂಬಿನ ಚೀಲ ಹರಿದು ಅವಳೇ ಹೊಲಿದುಕೊಂಡಿದ್ದ ಮಾಸ್ಕ್ ಅದು.

ಕಿರುಚುವಾಗ ಅವನ ಗಡ್ಡದ ಬಲೆ ಉಬ್ಬಿ ಇಳಿಯುತ್ತಿತ್ತು. ಅದು ಕಿವಿಯಿಂದ ಕಿವಿಗೆ, ಬಾಯಿಯ ಕೆಳಗೆ ಇರುತ್ತದೆ. ಗಡ್ಡವಿರುವ ನಮಗೆಲ್ಲರಿಗೂ ಉಂಟು. ಕೋಳಿಯ ಮೇಲೆ ಒಂದು ಕೂದಲು ಬಿದ್ದರೆ ಕೆಲಸ ಹೋಗುತ್ತದೆ. ಆ ನಿಯಮವನ್ನು ಯಾವ ಟಿವಿಯೂ ಸಡಿಲಿಸಿರಲಿಲ್ಲ.

ರೋಗ ಶುರುವಾದಾಗ ನಮಗೆ ಮಾಸ್ಕ್ ಕಟ್ಟಲು ಕಲಿಸಿದವನು ಇದೇ ವೆನಾನ್ಸಿಯೊ. ತಾನು ಒಂದರ ಮೇಲೊಂದು ಎರಡು ಹಾಕಿಕೊಳ್ಳುತ್ತಿದ್ದ. ನಮ್ಮವನೇ, ಆದರೆ ಗಡಿಯ ಈಚೆ, ಅಮೆರಿಕದಲ್ಲೇ ಹುಟ್ಟಿದವನು. ಅದನ್ನು ಮರೆಯಲು ನಮಗೆ ಬಿಡುತ್ತಿರಲಿಲ್ಲ. ಆಮೇಲೊಂದು ಶನಿವಾರ ದೇಶದ ಅಧ್ಯಕ್ಷ ಟಿವಿಯಲ್ಲಿ ಮಾಸ್ಕ್ ಬಿಚ್ಚಿ ಜನರತ್ತ ಕೈಬೀಸಿದ. ಸೋಮವಾರ ಮ್ಯಾನೇಜರು ಬರಿಮುಖದಲ್ಲಿ ಬಂದ. ಮಂಗಳವಾರ ವೆನಾನ್ಸಿಯೊ. ಬುಧವಾರದ ಹೊತ್ತಿಗೆ ಅರ್ಧ ಸಾಲು. ಗುರುವಾರ ನಾನು.

ಬಿಚ್ಚು ಎಂದು ನನಗೆ ಯಾರೂ ಹೇಳಿರಲಿಲ್ಲ. ಉಸಿರು ಕಟ್ಟುತ್ತದೆ, ಬೆವರಿಗೆ ಒದ್ದೆಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬರಿಮುಖಗಳ ನಡುವೆ ಮುಖ ಮುಚ್ಚಿಕೊಂಡವನು ಎದ್ದು ಕಾಣುತ್ತಾನೆ. ಕಾಗದಪತ್ರವಿಲ್ಲದವನು ಎದ್ದು ಕಾಣಬಾರದು.

ಅವಳ ಮಾಸ್ಕ್ ಪೀಪಾಯಿ ಸೇರಿದ್ದೂ ಅದೇ ಗುರುವಾರ. ಅಂದು ಊಟದ ಬಿಡುವಿನಲ್ಲಿ ದೋನ್ಯಾ ಕಂದೆಲಾ ನನ್ನೆದುರು ಕೂತು ಮೆಕ್ಕೆಜೋಳದ ರೊಟ್ಟಿ ಬಿಚ್ಚಿದಳು.

“ನೀವೂ ಬಿಚ್ಬಿಟ್ರಿ ಮೇಷ್ಟ್ರೇ.”

ಗ್ವಾಟೆಮಾಲಾದ ಬೆಟ್ಟದ ಶಾಲೆಯೊಂದರಲ್ಲಿ ನಾನು ಮೇಷ್ಟ್ರಾಗಿದ್ದೆ. ಅರ್ಕನ್ಸಾದ ಈ ಕೋಳಿ ಕಾರ್ಖಾನೆಯಲ್ಲಿ ಹಾಗೆ ಕರೆಯುವವಳು ಅವಳೊಬ್ಬಳೇ. ವೆನಾನ್ಸಿಯೊ ಕರೆದರೆ ಅದು ಬೈಗುಳ. ಹಿರಿಯಳೆಂದು ನಾನು ಅವಳನ್ನು ದೋನ್ಯಾ ಎನ್ನುತ್ತಿದ್ದೆ.

“ನನ್ನ ಎದೆ ನಿಮಗೆ ಗೊತ್ತಲ್ಲ. ಒಂದು ಕಡೇನ ಚಿಕ್ಕವಳಿದ್ದಾಗಲೇ ಕ್ಷಯ ತಿಂದ್‌ಹಾಕ್ತು. ಉಳಿದಿದ್ರಲ್ಲೇ ಬದುಕ್ತಾ ಇದೀನಿ. ನನ್ನ ಬಾಯಿ ನಾನು ಮುಚ್ಕೋಬಹುದು. ನಿಮ್ಮ ಬಾಯಿ ನಾನ್ ಹೆಂಗೆ ಮುಚ್ಚಲಿ?”

ಚೀಲದಿಂದ ಒಂದು ಹೊಸ ಮಾಸ್ಕ್ ತೆಗೆದು ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು. ಅದೇ ನೀಲಿ ಹೂವು. ನಾನು ಅದನ್ನು ಜೇಬಿಗೆ ಹಾಕಿಕೊಂಡೆ. ಬಿಡುವು ಮುಗಿದಾಗ ಬರಿಮುಖದಲ್ಲೇ ಸಾಲಿಗೆ ಮರಳಿದೆ.

ಮರುದಿನ ಅವಳು ಗಡ್ಡದ ಬಲೆ ಹಾಕಿಕೊಂಡು ಬಂದಳು. ಬಾಗಿಲ ಬಳಿಯ ಡಬ್ಬದಿಂದ ಮೂರು ತೆಗೆದು, ಒಂದರೊಳಗೊಂದು ಸೇರಿಸಿ, ಮೂಗಿನವರೆಗೂ ಎಳೆದುಕೊಂಡಿದ್ದಳು.

“ಏನೇ, ಗಡ್ಡ ಬಂತಾ ನಿನಗೆ?” ಎಂದ ವೆನಾನ್ಸಿಯೊ.

“ವಯಸ್ಸಾಯ್ತಲ್ಲ ಸ್ವಾಮಿ. ಅಲ್ಲೊಂದು ಇಲ್ಲೊಂದು ಬರುತ್ತೆ. ಕೋಳಿ ಮೇಲೆ ಉದುರಿದ್ರೆ ನಿಮಗೇ ಕೆಟ್ಟ ಹೆಸರು.”

ಅದನ್ನು ಕೀಳಲು ಅವನಿಗೆ ಆಗಲಿಲ್ಲ. ಕೋಳಿಗೆ ಸೇರಿದ ನಿಯಮ ಅದು. “ಬೋಳಿಮುಂಡೆ” ಎಂದು ಉಗಿದು ಮುಂದೆ ಹೋದ. ರುಫಿನಾ ನಕ್ಕಳು, ನಾನೂ ನಕ್ಕೆ. ನಕ್ಕ ಮೇಲೆ ಆ ಬಲೆಯ ತೂತುಗಳನ್ನು ನೋಡಿದೆ. ಒಂದೊಂದರಲ್ಲೂ ಜೀರಿಗೆ ಕಾಳು ದಾಟುವಂತಿತ್ತು.

ಮೊದಲು ಕೆಮ್ಮಿದ್ದು ನಾನು.

ಮೈ ಸುಡುತ್ತಿದ್ದರೂ ಎರಡು ದಿನ ಬಂದೆ. ಬರದಿದ್ದವರ ಹೆಸರಿನ ಮುಂದೆ ಗುರುತು ಬೀಳುತ್ತದೆ. ಮೂರು ಗುರುತಾದರೆ ಗೇಟು ಮುಚ್ಚುತ್ತದೆ. ಕೆಮ್ಮು ಬಂದಾಗ ಭುಜಕ್ಕೆ ಬಾಯಿ ಒತ್ತಿಕೊಳ್ಳುತ್ತಿದ್ದೆ. ಯಾವ ಭುಜ ಎಂದು ನೆನಪು ಮಾಡಿಕೊಳ್ಳಲು ಈಗ ಎಷ್ಟು ಪ್ರಯತ್ನಿಸಿದರೂ ಆಗುವುದಿಲ್ಲ. ನನ್ನ ಎಡಕ್ಕೆ ಅವಳಿದ್ದಳು. ಜ್ವರ ನನ್ನನ್ನು ಬಿಟ್ಟಿತು. ಅದೇ ವಾರ ಅವಳು ಕೆಮ್ಮತೊಡಗಿದಳು.

ಅವಳನ್ನು ಸೇರಿಸಿದ ಆಸ್ಪತ್ರೆಯೊಳಗೆ ನಮ್ಮನ್ನು ಯಾರನ್ನೂ ಬಿಡಲಿಲ್ಲ. ಎಂಟನೇ ದಿನ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ರುಫಿನಾ ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಓದಿದೆ. ಇಬ್ಬರೂ ಬೂಟು ಹಾಕಿಕೊಂಡೆವು.

“ಮೇಷ್ಟ್ರು ಸಾಹೇಬ್ರು ಇವತ್ತಿಂದ ಎರಡೂ ಕಡೆ ಕೊಯ್ತಾರೆ,” ಎಂದ ವೆನಾನ್ಸಿಯೊ. ಅವಳ ಹೆಸರು ಎತ್ತಲಿಲ್ಲ.

ಅದಾದ ಮೂರನೆಯ ದಿನ ರಾಜಧಾನಿಯಿಂದ ಅಧ್ಯಕ್ಷನ ಪಕ್ಷದ ಸಂಸದನೊಬ್ಬ ಬರುವವನಿದ್ದ. ಕಾರ್ಖಾನೆಗಳಲ್ಲಿ ಯಾರೂ ಹೆದರಿಲ್ಲ ಎಂದು ಟಿವಿಯಲ್ಲಿ ತೋರಿಸಬೇಕಿತ್ತಂತೆ.

“ಎಲ್ಲ ಬರಿಮುಖ! ಹಲ್ಲು ಕಾಣ್ಬೇಕು ಸೂಳೆಮಕ್ಕಳಾ,” ಎಂದು ವೆನಾನ್ಸಿಯೊ ಸಾಲಿನುದ್ದಕ್ಕೂ ಓಡಾಡಿದ. “ಹೆಣ ಕಾಯೋರ ಥರ ನಿಂತ್ಕೊಂಡ್ರೆ ಒಬ್ಬೊಬ್ಬನ್ನೂ ಗಡಿಯಾಚೆ ದಬ್ಬಿಸ್ತೀನಿ.”

ಸಾಲಿನ ಗದ್ದಲದಲ್ಲಿ ನಮ್ಮೊಳಗೆ ಮಾತಿಲ್ಲ. ಚಾಕು ಮಸೆಯುವ ಉಕ್ಕಿನ ಕಡ್ಡಿಯಿಂದ ಮೇಜಿನ ಅಂಚಿಗೆ ಬಡಿಯುತ್ತೇವೆ. ಎರಡು ಬಡಿತವೆಂದರೆ ದೊಡ್ಡವರು ಬಂದರು ಎಂದು. ಹತ್ತು ಗಂಟೆಗೆ ರುಫಿನಾ ಎರಡು ಸಲ ಬಡಿದಳು.

ಸಂಸದ ಎತ್ತರದ ಆಳು. ನುಣ್ಣಗೆ ಬೋಳಿಸಿದ ಗಲ್ಲ. ಕೊಟ್ಟ ಬಿಳಿ ಕೋಟನ್ನೂ ತಲೆಯ ಬಲೆಯನ್ನೂ ಒಂದು ಮಾತಾಡದೆ ಹಾಕಿಕೊಂಡಿದ್ದ. ಮಾತು ಕೇಳಿಸಲೆಂದು ಸಾಲಿನ ವೇಗ ತಗ್ಗಿಸಿದರು. ಏಳು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಉಸಿರು ನನಗೆ ಕೇಳಿಸಿತು. ಕ್ಯಾಮೆರಾದವನು ಅತ್ತಿತ್ತ ನೋಡಿ ನನ್ನ ಎಡಕ್ಕಿದ್ದ ಖಾಲಿ ಜಾಗ ತೋರಿಸಿದ. ಅಲ್ಲಿ ನಿಂತು, ಚಾಕು ಹಿಡಿದು, ಕೆಲಸಗಾರನ ಹೆಗಲ ಮೇಲೆ ಕೈಯಿಟ್ಟರೆ ಚೆನ್ನಾಗಿರುತ್ತದೆ ಎಂದ.

ಸಂಸದ ಬಂದು ನಿಂತ. ಅವನ ಕೈ ನನ್ನ ಹೆಗಲ ಮೇಲೆ ಬಿತ್ತು.

“ಏನಪ್ಪಾ, ಭಯ ಗಿಯ ಏನೂ ಇಲ್ಲ ತಾನೇ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

ಬೆಟ್ಟದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ಇಂಗ್ಲಿಷು ಇನ್ನೂ ಸ್ವಲ್ಪ ಉಳಿದಿತ್ತು. ಒಂದೊಂದೇ ಪದ ಬಿಡಿಸಿ ಹೇಳಿದೆ.

“ಅಲ್ಲಿ ನಿಲ್ಲಬೇಡಿ ಸಾರ್. ಅಲ್ಲಿ ನಿಲ್ತಿದ್ದೋಳು ಮೊನ್ನೆ ಸತ್ತಳು, ಇದೇ ರೋಗಕ್ಕೆ. ಅವಳಿಗೆ ಅಂಟಿಸ್ದೋನು ನಾನು.”

ಅವನ ನಗು ಹಾಗೇ ಉಳಿಯಿತು. ಕೈ ಮಾತ್ರ ನನ್ನ ಹೆಗಲಿನಿಂದ ಎದ್ದು, ಬಿಳಿ ಕೋಟಿನ ಗುಂಡಿ ಸಡಿಲಿಸಿ ಒಳಗಿನ ಜೇಬಿಗೆ ಹೋಯಿತು. ಮಡಚಿಟ್ಟ ಬಿಳಿ ಮಾಸ್ಕ್ ಹೊರಬಂತು. ಒಂದೇ ಕೊಡವಿಗೆ ಬಿಚ್ಚಿ, ಎರಡೂ ಕಿವಿಗೆ ಸಿಕ್ಕಿಸಿ, ಮೂಗಿನ ಮೇಲಿನ ತಂತಿ ಒತ್ತಿಕೊಂಡ. ಎಲ್ಲೂ ತಡವರಿಸಲಿಲ್ಲ. ಅಭ್ಯಾಸವಾದ ಕೈ.

ವೆನಾನ್ಸಿಯೊ ಅದನ್ನು ನೋಡುತ್ತಿದ್ದ. ಅವನ ಕೈ ತಾನಾಗಿ ತನ್ನ ಬಾಯಿಯತ್ತ ಹೋಗಿ ಗಡ್ಡದ ಬಲೆಯನ್ನು ಮುಟ್ಟಿ ನಿಂತಿತು.

ನಾನು ಚಾಕುವನ್ನು ಮೇಜಿನ ಮೇಲಿಟ್ಟೆ. ಜೇಬಿನಿಂದ ನೀಲಿ ಹೂವಿನ ಮಾಸ್ಕ್ ತೆಗೆದು ಕಟ್ಟಿಕೊಂಡೆ. ಅದರಲ್ಲಿ ಇನ್ನೂ ಅವಳ ಮನೆಯ ಸೋಪಿನ ವಾಸನೆ ಇತ್ತು. ನನ್ನ ಮುಂದಿನ ಕೋಳಿ ಎರಡೂ ರೆಕ್ಕೆಗಳೊಂದಿಗೆ ದಾಟಿಹೋಯಿತು.

ರುಫಿನಾ ಉಕ್ಕಿನ ಕಡ್ಡಿ ಎತ್ತಿ ಬಡಿದಳು. ಎರಡಕ್ಕೆ ನಿಲ್ಲಿಸಲಿಲ್ಲ. ಅವಳ ಪಕ್ಕದವಳು ಬಡಿದಳು, ಆಮೇಲೆ ಇಡೀ ಸಾಲು. ಸಂಸದ ಬಾಗಿಲತ್ತ ಹಿಂದೆ ಹಿಂದೆ ಸರಿಯುತ್ತಿದ್ದ. ಸಾಲಿನ ಕೊನೆಯಲ್ಲಿ ಕೊಯ್ಯದ ಕೋಳಿಗಳು ಒಂದರ ಮೇಲೊಂದು ನೆಲಕ್ಕೆ ಬೀಳತೊಡಗಿದವು.

ವೆನಾನ್ಸಿಯೊ ಏನೋ ಕಿರುಚುತ್ತಿದ್ದ. ಒಂದು ಅಂಗೈಯಿಂದ ತನ್ನ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡು ಕಿರುಚುತ್ತಿದ್ದುದರಿಂದ, ಏನೆಂದು ಯಾರಿಗೂ ಕೇಳಿಸಲಿಲ್ಲ.