ಒಂದೇ ಗುರುತಿನ ಎರಡು ಗಾಡಿ

ಜವನಗೊಂಡನಹಳ್ಳಿಯ ಬೀರಪ್ಪನಿಗೆ ತನ್ನ ಕಣ್ಣಿನ ಮೇಲೆ ಬಲು ಜಂಬ. ನಾಲ್ಕು ಮಂದೆ ಒಂದಕ್ಕೊಂದು ಬೆರೆತರೂ ತನ್ನ ಕುರಿ ಯಾವುದೆಂದು ಬೆರಳಿಟ್ಟು ತೋರಿಸುವವನು. ಬೈಕು ಕೊಂಡಾಗಲೂ ಅದೇ ಬುದ್ಧಿ. ಕುರಿಯ ಬೆನ್ನಿಗೆ ಗುರುತು ಹಚ್ಚುವ ಕೆಂಪು ಬಣ್ಣದಲ್ಲೇ ಹಿಂದಿನ ಮಡ್‌ಗಾರ್ಡಿಗೂ ಒಂದು ಅಡ್ಡಪಟ್ಟೆ ಎಳೆದಿದ್ದ. ನಂಬರು ಓದುವ ಗೋಜಿಗೆ ಹೋದವನೇ ಅಲ್ಲ.

ಆ ಮಧ್ಯಾಹ್ನ ಹಿರಿಯೂರಿನ ಬಸ್ ನಿಲ್ದಾಣದ ಪಕ್ಕದ ಬೈಕ್ ಸ್ಟ್ಯಾಂಡಿಗೆ ಬಂದು ನೋಡಿದರೆ, ಅವನು ಗಾಡಿ ನಿಲ್ಲಿಸಿದ್ದ ಜಾಗ ಖಾಲಿ. ನಾಲ್ಕು ಮಾರು ಆಚೆ, ಕೆಂಪು ಪಟ್ಟೆಯ ಕಪ್ಪು ಬೈಕಿನ ಮೇಲೆ ಯಾರೋ ಕೂತಿದ್ದ. ಅವನ ಹಿಂದೆ ಏಳೆಂಟು ವರ್ಷದ ಮಗಳು.

"ಲೇ ಕಳ್ಳ, ಇಳಿಯಲೇ! ಯಾರ ಗಾಡಿ ಅನ್ಕಂಡಿದೀಯ?"

"ನಂದೇ ಗಾಡಿ ಅಣ್ಣ ಇದು," ಎಂದ ಆತ.

ಜಗಳಕ್ಕೆ ಜನರನ್ನು ಕರೆಯಬೇಕೇ? ತಾವಾಗಿಯೇ ಕೂಡಿದರು. ಬೀರಪ್ಪ ಆತನನ್ನು ಕೆಳಗೆಳೆದು, ತನ್ನ ಕೀ ತೂರಿಸಿ ತಿರುಗಿಸಿದ. ತಿರುಗಿತು! ಹಳೇ ಬೈಕಿನ ಸವೆದ ಕೀ ಇನ್ನೊಂದಕ್ಕೂ ಹತ್ತುತ್ತದೆಂದು ಊರಿಗೆಲ್ಲ ಗೊತ್ತು. ಸಿಟ್ಟು ನೆತ್ತಿಗೇರಿದವನಿಗೆ ಮಾತ್ರ ನೆನಪಾಗುವುದಿಲ್ಲ. "ನೋಡ್ರಪ್ಪಾ, ಈಗೇನಂತಾನೆ ಇವ್ನು!" ಎಂದವನೇ, ಗಾಡಿಯ ಮೇಲೇ ಕೂತಿದ್ದ ಮಗಳ ಕಣ್ಣೆದುರಿಗೆ ಅಪ್ಪನ ಕೆನ್ನೆಗೆ ಬಾರಿಸಿದ. ಗುಂಪಿನಲ್ಲೊಬ್ಬ ಇನ್ನೊಂದು ಏಟು ಬಿಡಣ್ಣ ಎಂದ. ಬೀರಪ್ಪ ಅದನ್ನೂ ಬಿಟ್ಟ.

ಸ್ಟ್ಯಾಂಡ್ ನೋಡಿಕೊಳ್ಳುವ ಜಯಕ್ಕ ಏದುಸಿರು ಬಿಡುತ್ತ ಓಡಿಬಂದಳು. "ಅಯ್ಯೋ ಬೀರಪ್ಪಣ್ಣ, ನಿಂದು ಅಲ್ಲೈತಲ್ಲ! ಬಿಸ್ಲು ಅಂತ ನಾನೇ ಬೇವಿನ ಮರದ ಕೆಳಗೆ ತಳ್ಳಿದ್ದೆ."

ಮರದ ಕೆಳಗೆ ಅವನ ಬೈಕು, ಅದೇ ಕೆಂಪು ಪಟ್ಟೆ ಹೊತ್ತು, ನಿಂತಿತ್ತು. ಕೂಡಿದ್ದ ಮಹಾಶಯರೆಲ್ಲ ಬಸ್ಸಿನ ನೆಪ ಹೇಳಿ ಕರಗಿದರು.

"ನಾನು ಮಾಡದಕೆರೆಯೋನು, ಎತ್ತಪ್ಪ ಅಂತ ಹೆಸ್ರು," ಎಂದ ಆತ ಕೆನ್ನೆ ಕೂಡ ಮುಟ್ಟಿಕೊಳ್ಳದೆ. "ನಾವೂ ಕುರಿ ಕಾಯೋರೇ ಅಣ್ಣ. ಕುರಿಗೆ ಹಚ್ಚಿ ಉಳಿದ ಬಣ್ಣ ಗಾಡಿಗೂ ಬಳಿದಿದ್ದೆ."

ಬೀರಪ್ಪ ಕುಗ್ಗಿಹೋದ. ಬೆಳೆ ಮೇಯಿಸಿದ ಕಳ್ಳ ಎಂದು ಹೊಲದವರು ತನ್ನನ್ನೇ ಎಷ್ಟು ಸಲ ಹಿಡಿದು ನಿಲ್ಲಿಸಿಲ್ಲ? ಮಾಡದ ತಪ್ಪಿಗೆ ತಲೆ ತಗ್ಗಿಸುವ ಸಂಕಟ ಬಲ್ಲವನೇ, ತನ್ನಂಥವನಿಗೇ, ಕೂಸಿನ ಮುಂದೆ ಹೀಗೆ ಮಾಡಿದ್ದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುವಷ್ಟು ನಾಚಿಕೆಯಾಯಿತು.

"ತಪ್ಪಾತಣ್ಣ. ನೀನೂ ನಂಗೆ ಎರಡು ಹೊಡಿ."

"ನಿನ್ನ ಹೊಡ್ದು ನಂಗೇನಾಗಬೇಕು? ನಮ್ಮಪ್ಪ ಕಳ್ಳ ಅಂತ ಈ ಕೂಸಿನ ತಲ್ಯಾಗೆ ಕುಂತ್ರೆ ಏನು ಮಾಡ್ಲಿ? ಅದಕ್ಕೊಂದು ಮಾತು ಹೇಳು, ಸಾಕು."

ಬೀರಪ್ಪ ಹುಡುಗಿಯ ಹತ್ತಿರ ಹೋದ. "ನಿಮ್ಮಪ್ಪ ಕಳ್ಳ ಅಲ್ಲವ್ವ. ತಪ್ಪೆಲ್ಲ ನಂದೇ," ಎನ್ನುತ್ತ ಕೈಮುಗಿಯಲು ಎರಡೂ ಕೈ ಎತ್ತಿದ.

ಆ ಕೈಗಳು ಮೇಲೇಳುವುದನ್ನು ಕಂಡದ್ದೇ, ಹುಡುಗಿ ಗಾಡಿಯ ಮೇಲಿಂದ ಬಾಗಿ ತನ್ನ ಪುಟ್ಟ ಅಂಗೈಗಳನ್ನು ಪಕ್ಕದಲ್ಲೇ ನಿಂತಿದ್ದ ಅಪ್ಪನ ಕೆನ್ನೆಗೆ ಅಡ್ಡ ಹಿಡಿದಳು.