ನೂರಕ್ಕೆ ಎರಡರೊಳಗೆ

ಪಂಪು ತಯಾರಿಸುವ ಆ ಕಾರ್ಖಾನೆಯ ಬಿಲ್ಲು ವಿಭಾಗದಲ್ಲಿ ಅವಳಿಗೆ ಭೂತಗನ್ನಡಿ ಎಂದೇ ಹೆಸರು. ಆರ್ಡರಿನಲ್ಲಿ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು ದರ ಹಾಕಿ ಅವಳ ಕಣ್ತಪ್ಪಿಸಿದ ಅಂಗಡಿಯವನು ಹನ್ನೆರಡು ವರ್ಷದಲ್ಲಿ ಒಬ್ಬನೂ ಇಲ್ಲ. ಹಾಗಂತ ಅವಳು ನಂಬಿದ್ದಳು, ಪಾಪ.

ಚಿಲ್ಲರೆ ವ್ಯತ್ಯಾಸಕ್ಕೆಲ್ಲ ಫೋನು ಮಾಡಿ ಮಾಡಿ ಗಂಟಲು ಕಟ್ಟಿದಾಗ, ಮ್ಯಾನೇಜರಿಗೆ ದುಂಬಾಲು ಬಿದ್ದು ಒಂದು ಏರ್ಪಾಡು ಮಾಡಿಸಿಕೊಂಡಿದ್ದಳು. ಬಿಲ್ಲಿನ ದರ ನೂರಕ್ಕೆ ಎರಡರೊಳಗೆ ಹೆಚ್ಚಿದ್ದರೆ ಕೇಳದೆ ಪಾಸು. ಮೀರಿದರೆ ಕಾರಣ ಬರೆದು ತಡೆ ಚೀಟಿ. ಇದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಗೊತ್ತಿದ್ದದ್ದು ಅವರಿಬ್ಬರಿಗೇ.

ಆ ಬೆಳಿಗ್ಗೆ ಬೇರಿಂಗ್ ಅಂಗಡಿಯ ಫೈಲು ಬಿಚ್ಚಿದ್ದು ರಟ್ಟು ಹರಿದಿತ್ತೆಂದು, ಬೇರೇನಕ್ಕೂ ಅಲ್ಲ. ಹಾಳೆ ಪೋಣಿಸುತ್ತ ಸುಮ್ಮನೆ ಕಣ್ಣಾಡಿಸಿದಳು. ಆರ್ಡರಿನಲ್ಲಿ 100, ಬಿಲ್ಲಿನಲ್ಲಿ 101.90. ಆರ್ಡರಿನಲ್ಲಿ 40, ಬಿಲ್ಲಿನಲ್ಲಿ 40.76. ಕ್ಯಾಲ್ಕುಲೇಟರ್ ಎಳೆದುಕೊಂಡಳು. ಎಂಟು ತಿಂಗಳ ಅಷ್ಟೂ ಬಿಲ್ಲು ನೂರಕ್ಕೆ ಸರಿಯಾಗಿ ಒಂದು ಪಾಯಿಂಟ್ ಒಂಬತ್ತು ಹೆಚ್ಚು! ಬೇಲಿ ಎಲ್ಲಿದೆಯೆಂದು ಗೊತ್ತಿದ್ದವನು ಮಾತ್ರ ಹೀಗೆ ಅದಕ್ಕೆ ಒರಗಿಕೊಂಡೇ ನಡೆಯಬಲ್ಲ.

ಅವಳಲ್ಲದಿದ್ದರೆ ಮ್ಯಾನೇಜರ್. ಅಯ್ಯೋ, ಆ ದೇವರಂಥ ಮನುಷ್ಯನೇ? ಹೋಗಿ ಫೈಲನ್ನು ಅವರ ಮುಂದಿಟ್ಟಳು. ನೋಡುತ್ತ ನೋಡುತ್ತ ಅವರ ಮುಖ ಬಿಳಿಚಿಕೊಂಡಿತು.

"ನೀವು ಯಾರಿಗಾದ್ರೂ ಹೇಳಿದ್ರೇನಮ್ಮಾ?"

"ಛೆ ಛೆ, ನಾನ್ಯಾಕೆ ಹೇಳಲಿ ಸಾರ್!"

"ಹಾಗಾದ್ರೆ ನಾನೇ ಕಳ್ಳ ಅಂತಾಯ್ತು. ರಿಟೈರಾಗೋಕೆ ಎರಡು ತಿಂಗಳು ಇರುವಾಗ." ಅವರು ಕನ್ನಡಕ ತೆಗೆದರು.

ಮೇಜಿಗೆ ಮರಳಿ, ಈ ಆಟ ಶುರುವಾದ ಮೊದಲ ಬಿಲ್ಲಿನ ತಾರೀಖು ಹುಡುಕಿದಳು. ಅವಳ ಅಣ್ಣ ಅದೇ ಅಂಗಡಿಗೆ ಬಿಲ್ಲು ಬರೆಯಲು ಸೇರಿದ ವಾರ ಅದು. ಸೇರಿದ ದಿನವೇ ಊಟಕ್ಕೆ ಬಂದಿದ್ದ. "ನಿನ್ನ ಹೆಸರೆತ್ತಿದ್ರೆ ನಮ್ಮ ಓನರ್ ಬೆವರ್ತಾರೆ ಕಣೇ," ಎಂದು ಉಬ್ಬಿಸಿದ್ದ. ಇವಳೋ ಉಬ್ಬಿ, ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನೆಲ್ಲ ಬಡಿಸುತ್ತ ಬಡಿಸುತ್ತ ಹೇಳಿಬಿಟ್ಟಿದ್ದಳು.

ಫೋನು ಹಚ್ಚಿದಳು. "ಅಣ್ಣಾ, ಈ ಒಂದು ಪಾಯಿಂಟ್ ಒಂಬತ್ತು…"

"ಯಾಕೇ, ಸರಿಯಾಗೇ ಇದೆಯಲ್ಲ?" ಅಣ್ಣನ ದನಿಯಲ್ಲಿ ಅಳುಕೇ ಇರಲಿಲ್ಲ. "ನಿನಗೆ ತೊಂದ್ರೆ ಆಗಬಾರದು ಅಂತ ಒಂದು ಸಲಾನೂ ಎರಡು ಮುಟ್ಟಿಸಿಲ್ಲ."

ಅವಳು ಫೋನು ಇಟ್ಟು, ಪುಸ್ತಕದಿಂದ ತಡೆ ಚೀಟಿಯೊಂದನ್ನು ಹರಿದುಕೊಂಡು, ಕಾರಣದ ಜಾಗದಲ್ಲಿ ಒಂದು ಸಾಲು ಬರೆದಳು. ಮ್ಯಾನೇಜರ್ ಇನ್ನೂ ಕನ್ನಡಕ ಕೈಯಲ್ಲೇ ಹಿಡಿದು ಕೂತಿದ್ದರು. ಚೀಟಿಯನ್ನು ಅವರ ಮುಂದಿಟ್ಟು ತಲೆ ತಗ್ಗಿಸಿ ನಿಂತಳು. ಅವರು ಕನ್ನಡಕ ಏರಿಸಿ ಓದಿದರು:

"ಅಣ್ಣನ ಮುಂದೆ ಜಂಬ ಕೊಚ್ಚಿಕೊಂಡೆ."