ಒಬ್ಬರಿಗಷ್ಟೇ ಜಾಗ

"ನಿಲ್ಲಿ, ನಿಲ್ಲಿ, ಎತ್ತಬೇಡಿ. ಕೆಳಗಿರೋರು ಒಂದು ಮೆಟ್ಟಿಲು ಇಳೀರಿ," ಎಂದು ಮೀಸೆ ಹೇಳುವಷ್ಟರಲ್ಲಿ ಪೆಟ್ಟಿಗೆಯ ಮೂಲೆ ಗೋಡೆಗೆ ತಾಗಿ ಸುಣ್ಣ ಉದುರಿತು.

ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಹಾಕಿಕೊಂಡಿತ್ತು. ತಿರುಗಿಸೋಣವೆಂದರೆ ಅಡ್ಡಕ್ಕೆ ಆ ಮಹಡಿಯಲ್ಲಿದ್ದ ದರ್ಜಿಯ ಕಬ್ಬಿಣದ ಬೀರು. ಹೊತ್ತವರೆಲ್ಲ ಸತ್ತವನ ಜೊತೆ ಅಗ್ನಿಶಾಮಕ ಠಾಣೆಯಲ್ಲಿ ದುಡಿದವರು. ಅವರಲ್ಲಿ ಹಿರಿಯ, ಎಲ್ಲರೂ 'ಮೀಸೆ' ಎಂದೇ ಕರೆಯುವವನು, ಬೀರನ್ನೊಮ್ಮೆ, ದರ್ಜಿಯ ಮುಖವನ್ನೊಮ್ಮೆ ನೋಡಿದ.

"ಇದನ್ನ ನಿಮ್ಮ ಮನೆಯೊಳಗೆ ಎಳೆದುಬಿಡೋಣ."

"ಒಳಗೆ ಹಿಡಿಸಿದ್ರೆ ಹೊರಗ್ಯಾಕೆ ಇಡ್ತಿದ್ದೆ ಅಣ್ಣ?" ಎಂದ ದರ್ಜಿ, ಕತ್ತು ಬಗ್ಗಿಸಿ. "ನಮ್ಮ ಬಾಗಿಲು ಚಿಕ್ಕದು."

ಪೆಟ್ಟಿಗೆಯ ಹಿಂದೆ, ಮೂರನೇ ಮಹಡಿಯಿಂದ ಇಳಿಯುವ ಮೆಟ್ಟಿಲ ಮೇಲೆ, ಸತ್ತವನ ಹೆಂಡತಿ ಕಂಬಿ ಹಿಡಿದು ನಿಂತಿದ್ದಳು. ಬಂದವರೆಲ್ಲ ಆಗಲೇ ಬೀದಿಗಿಳಿದಿದ್ದರು. ಮಗಳೂ ಕೆಳಗೆ ಗಾಡಿಯ ಹತ್ತಿರ ಇದ್ದಳು. ಆಕೆಯ ಬೆನ್ನಿಗೆ ಉಳಿದವನು ಬಟ್ಟೆ ಅಂಗಡಿಯವರ ಮಗನೊಬ್ಬನೇ. ಅವನು ಚಿಕ್ಕವನಿದ್ದಾಗ ಆಕೆಯ ಗಂಡ ಅವನನ್ನು ಅಂಗಡಿಗೆ ಬಿದ್ದ ಬೆಂಕಿಯಿಂದ ಹೊತ್ತು ತಂದಿದ್ದ. ಈಗ ಅವನ ಕಿವಿಯ ಮೇಲೂ ಒಂದೆರಡು ಬಿಳಿಕೂದಲು.

ಈ ಮೆಟ್ಟಿಲಿಗಾಗಿ ಗಂಡ ಈ ಕಟ್ಟಡದಲ್ಲಿ ಯಾರ ಜೊತೆ ಜಗಳವಾಡಿರಲಿಲ್ಲ? ಸೈಕಲ್ ತೆಗೀರಿ, ಚಪ್ಪಲಿ ಗೂಡು ತೆಗೀರಿ, ಮಾಳಿಗೆ ಬಾಗಿಲಿಗೆ ಬೀಗ ಹಾಕಬೇಡಿ. ಹೇಳಿ ಹೇಳಿ ಅವನಿಗೆ 'ಮೆಟ್ಟಿಲಪ್ಪ' ಎಂದೇ ಹೆಸರು ಬಿದ್ದಿತ್ತು. ಅವನು ಕೆಳಗಿಳಿಯುವ ಸದ್ದಾದರೆ ಸಾಕು, ಮನೆಮನೆಯ ಬಾಗಿಲೂ ಮುಚ್ಚಿಕೊಳ್ಳುತ್ತಿತ್ತು. ತನ್ನನ್ನು ಕಂಡರೂ ನೆರೆಯವರು ಮುಖ ತಿರುಗಿಸುತ್ತಿದ್ದುದು ಆಕೆಗೆ ಗೊತ್ತಿತ್ತು.

"ಪೆಟ್ಟಿಗೆ ನೆಟ್ಟಗೆ ನಿಲ್ಲಿಸಬೇಕಾಗುತ್ತೆ ಅತ್ತಿಗೆ," ಎಂದ ಮೀಸೆ. "ಆ ಮೂಲೇಲಿ. ಬೀರು ಈ ಕಡೆ ಎಳೆದರೆ ದಾರಿ ಆಗುತ್ತೆ."

"ಅವರನ್ನ ನಿಲ್ಲಿಸ್ತೀರಾ?"

"ಎರಡೇ ನಿಮಿಷ. ನಿಂತು ನಿಂತೇ ಅಭ್ಯಾಸ ಅವನಿಗೆ."

ಆಕೆ ತಲೆಯಾಡಿಸಿದಳು. ನಾಲ್ಕು ಜನ ಪೆಟ್ಟಿಗೆಯನ್ನು ಮೂಲೆಗೆ ನಿಲ್ಲಿಸಿ ತಬ್ಬಿ ಹಿಡಿದರು. ಉಳಿದವರೂ ದರ್ಜಿಯೂ ಸೇರಿ ಬೀರನ್ನು ಎಳೆದು ಮೇಲಿನ ಮೆಟ್ಟಿಲ ಬಾಯಿಗೆ ತಂದರು. ಪೆಟ್ಟಿಗೆ ಮತ್ತೆ ಮಲಗಿತು, ತಿರುಗಿತು, ಇಳಿಯಿತು. ಕೆಳಗಿನಿಂದ ಯಾರೋ ಮುದುಕರ ದನಿ ಕೇಳಿಸಿತು. "ಬೆಂಕಿಗೇ ಹೆದರದ ಗಂಡು. ಇಂಥೋರಿಗೆ ಭಯ ಅನ್ನೋದೇ ಗೊತ್ತಿರಲ್ಲ."

ಅಂಗಿಯನ್ನು ತಲೆಯ ಮೇಲಿಂದ ಹಾಕಿಕೊಳ್ಳಲು ಗಂಡ ಹೆದರುತ್ತಿದ್ದ. ಮುಖ ಮುಚ್ಚಿದ ಆ ಒಂದು ಗಳಿಗೆ ತಡೆಯಲಾರದೆ, ಜೀವನಪೂರ್ತಿ ಮುಂದೆ ಗುಂಡಿಯಿರುವ ಅಂಗಿಯನ್ನೇ ತೊಟ್ಟ. ಆಕೆ ಆ ಮುದುಕರಿಗೆ ಏನು ಹೇಳಿಯಾಳು?

ಇಳಿಯಲೆಂದು ಕಾಲು ಮುಂದಿಟ್ಟರೆ ದಾರಿಯಿರಲಿಲ್ಲ. ಬೀರಿನ ಕಾಲು ಕಂಬಿಯ ಸರಳಿನೊಳಗೆ ಹೊಕ್ಕು, ಇನ್ನೊಂದು ಪಕ್ಕ ಗೋಡೆಗೆ ಕಚ್ಚಿಕೊಂಡಿತ್ತು.

"ಒಂದು ನಿಮಿಷ ಅಕ್ಕ," ಎಂದು ಆಚೆಯಿಂದ ದರ್ಜಿ ಕೂಗಿದ. "ಪೆಟ್ಟಿಗೆ ಇಳಿಸಿ ಬಂದುಬಿಡ್ತಾರೆ, ಆಮೇಲೆ ಎತ್ತಿಸ್ತೀನಿ."

*

ಬಟ್ಟೆ ಅಂಗಡಿಯವರು ವರ್ಷಕ್ಕೊಮ್ಮೆ, ಬೆಂಕಿ ಬಿದ್ದ ದಿನ ಬರುತ್ತಿದ್ದರು. ಮೊದಲೆಲ್ಲ ಅಪ್ಪ ಮಗ ಇಬ್ಬರೂ. ಅಪ್ಪ ಹಣ್ಣಿನ ಬುಟ್ಟಿ ಮುಂದಿಟ್ಟು, "ನೀವು ನಮ್ಮ ಪಾಲಿನ ದೇವರು. ನನ್ನ ಹೆಂಡತಿ ಸಿಗಲಿಲ್ಲ, ಹೋಗಲಿ, ಮಗನನ್ನ ಉಳಿಸಿಕೊಟ್ರಿ," ಎನ್ನುತ್ತಿದ್ದ. ಹುಡುಗ ಆಕೆಯ ಗಂಡನನ್ನೇ ದಿಟ್ಟಿಸುತ್ತಿದ್ದ. ಅಪ್ಪ ತೀರಿಕೊಂಡ ಮೇಲೂ ಮಗ ಬರುವುದನ್ನು ಬಿಡಲಿಲ್ಲ.

ಒಂದೆರಡು ವರ್ಷ ಎದುರಿಗೆ ಕುಳಿತ ಗಂಡ, ಆಮೇಲೆ ಆ ದಿನ ಬಂತೆಂದರೆ ಬಚ್ಚಲು ಸೇರಿ ಚಿಲಕ ಹಾಕಿ ನಲ್ಲಿ ತಿರುಗಿಸಿಬಿಡುತ್ತಿದ್ದ. ಮುಚ್ಚಿದ ಬಾಗಿಲನ್ನು ಕಂಡರಾಗದ ಮನುಷ್ಯ. "ಸ್ನಾನ ಮಾಡ್ತಿದ್ದಾರೆ," ಎಂದು ಆಕೆ ಚಹಾ ಮಾಡಿ ಕೊಡುತ್ತಿದ್ದಳು. ಅವರು ಕಾದು ಕಾದು ಎದ್ದು ಹೋಗುತ್ತಿದ್ದರು.

ಹೀಗೇ ಒಂದು ಸಲ ಅವರು ಹೋದ ಮೇಲೆ ಆಕೆಗೆ ತಡೆಯಲಾಗಲಿಲ್ಲ.

"ನಿಮಗೇನು ಬಂದಿದೆ ರೋಗ? ಕೈಮುಗಿಯೋಕೆ ಬರ್ತಾರೆ, ಬಯ್ಯೋಕಲ್ಲ."

ಅವನು ಒದ್ದೆ ತಲೆಯಲ್ಲೇ ಅಡುಗೆಮನೆಯ ನೆಲದ ಮೇಲೆ ಕುಳಿತ.

"ಹೆಂಡತಿ ಸಿಗಲಿಲ್ಲ ಅಂತಾರಲ್ಲ, ಸಿಕ್ಕಿದ್ಲು," ಎಂದ. "ಹುಡುಗನ್ನ ಹೆಗಲ ಮೇಲೆ ಹಾಕ್ಕೊಂಡು ಇಳೀತಿದ್ದೆ. ಹಿಂದಿನಿಂದ ಕಾಲು ಹಿಡ್ಕೊಂಡ್ಲು. ಆ ಮೆಟ್ಟಿಲಲ್ಲಿ ಒಬ್ಬರು ತೂರೋದೇ ಕಷ್ಟ, ಬಗ್ಗೋಕೂ ಜಾಗ ಇಲ್ಲ. ಹುಡುಗ ಉಸಿರಾಡ್ತಿಲ್ಲ ಅನ್ನಿಸ್ತು. ಕಾಲು ಜಾಡಿಸಿದೆ. ಅವನನ್ನ ಕೆಳಗೆ ಮಲಗಿಸಿ ವಾಪಸ್ಸು ಓಡಿದೆ. ಅಷ್ಟರಲ್ಲಿ ಮೆಟ್ಟಿಲೇ ಇರಲಿಲ್ಲ."

"ಠಾಣೇಲಿ ಹೇಳಿದ್ರಾ?"

"ಹೇಳಿದೆ. ಅವರು ಬೆನ್ನು ತಟ್ಟಿದ್ರು. ಈ ಊರಿನೋರಿಗೆ ನಾವು ಒಂದೋ ದೇವರು, ಇಲ್ಲಾ ತಡವಾಗಿ ಬಂದ ಸೋಮಾರಿಗಳು. ನಡುವೆ ಒಬ್ಬ ಮನುಷ್ಯ ಹೆದರಿಕೊಂಡು ನಿಂತಿದ್ದ ಅಂತ ಯಾರಿಗೆ ಹೇಳಲಿ? ಆ ಹುಡುಗನಿಗಾ?"

ಆಮೇಲೆ ಅವನು ಆ ಮಾತೆತ್ತಲಿಲ್ಲ, ಆಕೆಯೂ ಕೆದಕಲಿಲ್ಲ. ಪ್ರತಿವರ್ಷ ಚಹಾ ಮಾಡಿದಳು. ಸ್ನಾನ ಮಾಡುತ್ತಿದ್ದಾರೆ ಎಂದಳು.

*

ಬೀರಿನ ಆಚೆ ದರ್ಜಿಯೂ ಅವನ ಹೆಂಡತಿಯೂ ಒಬ್ಬರ ಮೇಲೊಬ್ಬರು ರೇಗುತ್ತಿದ್ದರು. ಈಚೆ ಗಾಳಿಯಿಲ್ಲ, ಬೆಳಕೂ ಅಷ್ಟಕ್ಕಷ್ಟೆ. ಬಟ್ಟೆ ಅಂಗಡಿಯವರ ಮಗ ಭುಜ ಕೊಟ್ಟು ತಳ್ಳಿ ನೋಡಿದ. ಬೀರು ಅಲುಗಲಿಲ್ಲ.

"ಕೂತ್ಕೊಳ್ಳಿ ಅಮ್ಮ," ಎಂದ.

ಇಬ್ಬರೂ ಮೆಟ್ಟಿಲ ಮೇಲೆ ಕುಳಿತರು. ಅವನ ಉಸಿರು ಏರುತ್ತಿದ್ದುದನ್ನು ಆಕೆ ಗಮನಿಸಿದಳು. ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು, ಮುಖವನ್ನು ಮೇಲಕ್ಕೆತ್ತಿ, ಬಾಯಲ್ಲಿ ಗಾಳಿ ಎಳೆದುಕೊಳ್ಳುತ್ತಿದ್ದ. ಗಂಡ ಮಾಡುತ್ತಿದ್ದುದೂ ಹೀಗೆಯೇ.

"ನಿನಗೂ ಆಗಲ್ವಾ, ಇಂಥ ಜಾಗ?"

"ಆಗಲ್ಲ. ಲಿಫ್ಟಿನಲ್ಲೂ ಹೋಗಲ್ಲ." ಬೀರನ್ನೇ ನೋಡುತ್ತ ಕೇಳಿದ. "ಅವರು ನನ್ನ ಮುಖ ಯಾಕೆ ನೋಡ್ತಿರಲಿಲ್ಲ ಅಂತ ನಿಮಗೆ ಹೇಳಿದ್ರಾ?"

ಆಕೆ ಏಳಲು ಹೋದಳು. ಏಳುವುದಾದರೂ ಎಲ್ಲಿಗೆ? ಮೇಲೆ ಖಾಲಿ ಮನೆ, ಕೆಳಗೆ ಬೀರು.

"ಸ್ನಾನ..." ಎಂದಳು ಅಭ್ಯಾಸಬಲದಿಂದ.

"ನನಗೆ ಗೊತ್ತು ಅಮ್ಮ. ಹೆಗಲ ಮೇಲೆ ಹಾಕ್ಕೊಂಡಾಗ ನನ್ನ ಮುಖ ಹಿಂದಕ್ಕಿತ್ತು. ಎಚ್ಚರ ತಪ್ಪಿರಲಿಲ್ಲ. ಅಮ್ಮನ ಕೈ ಕಾಣಿಸ್ತು. ಅವರು ಜಾಡಿಸಿದ್ದೂ ಕಾಣಿಸ್ತು."

ಆಕೆ ಅವನ ಕಡೆ ತಿರುಗಿದಳು. "ಮತ್ತೆ ಯಾಕೆ ಬರ್ತಿದ್ದೆ?"

"ಚಿಕ್ಕವನಿದ್ದಾಗ ಅಪ್ಪ ಕರ್ಕೊಂಡು ಬರ್ತಿದ್ರು. ಮನಸ್ಸಲ್ಲೇ ಶಾಪ ಹಾಕ್ತಾ ಕೂತಿರ್ತಿದ್ದೆ." ಅವನು ಅಂಗೈಯಿಂದ ಕುತ್ತಿಗೆಯ ಬೆವರು ಒರೆಸಿದ. "ಬೆಳೀತಾ ಬೆಳೀತಾ ಆ ಮೆಟ್ಟಿಲು ಕಣ್ಣಿಗೆ ಕಟ್ಟೋಕೆ ಶುರುವಾಯ್ತು. ಎರಡೂ ಪಕ್ಕ ಬಟ್ಟೆ ಗಂಟು, ಆಳೆತ್ತರ. ಗೋದಾಮು ತುಂಬಿದೆ ಅಂತ ಅಪ್ಪ ಇಡಿಸಿದ್ದು. ಅದಿಲ್ಲದಿದ್ರೆ ಅಮ್ಮನೂ ಪಕ್ಕದಲ್ಲೇ ಇಳೀಬಹುದಿತ್ತು. ಅಪ್ಪ ಅದನ್ನ ಸಾಯೋವರೆಗೂ ಬಾಯಿಬಿಡಲಿಲ್ಲ. ಇವರನ್ನ ದೇವರು ಮಾಡಿ ಕೈತೊಳೆದುಕೊಂಡ್ರು."

ಕೆಳಗೆ ಬೀದಿಯಲ್ಲಿ ಗಾಡಿಯ ಬಾಗಿಲು ಹಾಕಿದ ಸದ್ದಾಯಿತು.

"ಅದನ್ನ ಹೇಳೋಣ ಅಂತಲೇ ಬರ್ತಿದ್ದೆ. ಕ್ಷಮಿಸಿದೀನಿ ಅಂತಲ್ಲ. ಕ್ಷಮಿಸಿದೀನೋ ಇಲ್ವೋ ನನಗೇ ಗೊತ್ತಿಲ್ಲ. ನಾನೂ ನೋಡಿದೀನಿ, ನೀವೊಬ್ಬರೇ ಹೊತ್ಕೊಂಡು ತಿರುಗಬೇಡಿ ಅಂತ."

"ಬಾಗಿಲು ಬಡೀಬೇಕಿತ್ತು ಕಣಪ್ಪ."

"ಬಡಿದೆ ಒಂದ್ಸಲ, ನೀವು ಚಹಾ ತರೋಕೆ ಒಳಗೆ ಹೋದಾಗ. ನಲ್ಲಿ ಇನ್ನೂ ಜೋರಾಯ್ತು."

ಗಂಡನಿಗೆ ಕಾವಲು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು ಆಕೆ ಇಷ್ಟು ವರ್ಷ. ಒಂದೇ ಒಂದು ಸಲ ಚಿಲಕ ಮುರಿದಿದ್ದರೆ? ಇವನನ್ನು ತಾನೇ ಕೈಹಿಡಿದು ಬಚ್ಚಲ ಬಾಗಿಲಿಗೆ ಕರೆದೊಯ್ದಿದ್ದರೆ? ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಅಂಗಿ ಪೂರ್ತಿ ಒದ್ದೆಯಾಗಿತ್ತು.

*

ಬೂಟುಗಳ ಸದ್ದು ಮೇಲೆ ಬಂತು. ಮೀಸೆ ಬೈಯುತ್ತ ಕಂಬಿಗೆ ಹಾರೆ ಹಾಕಿದ. ಕಬ್ಬಿಣ ಕಿರುಗುಟ್ಟಿತು, ಬೀರು ವಾಲಿ, ಗೋಡೆಯಿಂದ ಒಂದಿಷ್ಟು ಬಿಟ್ಟುಕೊಂಡು, ಮತ್ತೆ ಕಚ್ಚಿಕೊಂಡಿತು.

"ಇಷ್ಟೇ ಆಗೋದು. ಒಬ್ಬರು ತೂರಬಹುದು. ಅತ್ತಿಗೆ, ನೀವು ಬಂದ್ಬಿಡಿ. ಹಿಂದೆ ಗಾಡಿಗಳು ಸಾಲುಗಟ್ಟಿವೆ, ಪೊಲೀಸರು ಹೊರಡಿ ಅಂತಿದಾರೆ. ಅವರು ಆಮೇಲೆ ಬರಲಿ."

"ಹೋಗಿ ಅಮ್ಮ," ಎಂದ ಬಟ್ಟೆ ಅಂಗಡಿಯವರ ಮಗ. ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದ. "ಆ ಸಂದೀಲಿ ನನ್ನ ಕೈಲಾಗಲ್ಲ, ಇಲ್ಲೇ ಇರ್ತೀನಿ. ಪರವಾಗಿಲ್ಲ."

ಆಕೆ ಪಕ್ಕಕ್ಕೆ ತಿರುಗಿ, ಉಸಿರು ಬಿಗಿಹಿಡಿದು, ಸಂದಿಯೊಳಗೆ ತೂರಿದಳು. ಒಂದು ಕಡೆ ಸುಣ್ಣ ಕೆನ್ನೆ ತರಚಿತು, ಇನ್ನೊಂದು ಕಡೆ ಬೀರಿನ ಹಿಡಿ ಪಕ್ಕೆಗೆ ಒತ್ತಿತು. ಆಚೆ ಬರುತ್ತಿದ್ದಂತೆ ಮೀಸೆ ತೋಳು ಹಿಡಿದ.

"ನಡೀರಿ ಅತ್ತಿಗೆ. ಅವನು ಕಾಯ್ತಿದ್ದಾನೆ."

ಆಕೆ ತೋಳು ಬಿಡಿಸಿಕೊಂಡಳು. ಬೀರಿಗೆ ಕೆನ್ನೆ ಒತ್ತಿ, ಭುಜದವರೆಗೂ ಕೈಯನ್ನು ಸಂದಿಯೊಳಗೆ ಚಾಚಿದಳು. ಒಳಗೇನೂ ಕಾಣುತ್ತಿರಲಿಲ್ಲ. ಬೆರಳು ಬಿಡಿಸಿ ಹಿಡಿದು, "ಬಾರಪ್ಪ," ಎಂದಳು.

ಕೆಳಗೆ ಗಾಡಿಯ ಹಾರ್ನು ಒಂದು ಸಲ ಕೂಗಿತು, ಮತ್ತೊಂದು ಸಲ ಕೂಗಿತು. ಆಕೆ ಕೈ ತೆಗೆಯಲಿಲ್ಲ.